ಮೈಕಿನಲ್ಲಿ ಕೇಳಿದ ದನಿ

“ನಿಮ್ಮ ಮನೆಯವರು ಏನು ಪಾಠ ಮಾಡ್ತಾರೆ?” ಎಂದು ಕನ್ನಡದವರ ಕೂಟಗಳಲ್ಲಿ ಯಾರಾದರೂ ಕೇಳಿದರೆ ಉಮಾನಾಥ ಮೊದಮೊದಲು “ಸೋಶಿಯಾಲಜಿ” ಎಂದಷ್ಟೇ ಹೇಳಿ ಪಾರಾಗುತ್ತಿದ್ದ. ಪೂರ್ತಿ ಹೇಳಹೊರಟರೆ ಊಟ ತಣ್ಣಗಾಗುತ್ತಿತ್ತು. ಅವನು ಮಣಿಪಾಲದಲ್ಲಿ ಓದಿ, ಮಲೇಷ್ಯಾದ ಮೆಡಿಕಲ್ ಕಾಲೇಜೊಂದರಲ್ಲಿ ಅನಾಟಮಿ ಕಲಿಸಲು ಬಂದವನು. ಅವನ ಕೆಲಸ ಯಾರಿಗಾದರೂ ಅರ್ಥವಾಗುತ್ತಿತ್ತು. ಹೆಂಡತಿ ಚಾಮುಂಡಿ ಮಾತ್ರ ಸುಬಾಂಗ್ ಜಯಾದ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ವಿಡಿಯೋ ಗೇಮ್‌ಗಳ ಬಗ್ಗೆ, ಅದರಲ್ಲೂ ಗೇಮ್ ಆಡುವ ಹೆಂಗಸರ ಬಗ್ಗೆ ಸಂಶೋಧನೆ ಮಾಡುತ್ತಾಳೆ ಎಂದರೆ ಜನ ತಟ್ಟೆಯಿಂದ ತಲೆ ಎತ್ತುತ್ತಿದ್ದರು. “ಆಟ ಆಡೋದಕ್ಕೆ ಸಂಬಳ ಕೊಡ್ತಾರಾ?” ಎಂದು ನಗುತ್ತಿದ್ದರು. ಚಾಮುಂಡಿಯೂ ಜೊತೆಗೆ ನಗುತ್ತಿದ್ದಳು. ಅವಳಿಗೆ ಅದು ರೂಢಿಯಾಗಿತ್ತು.

ಇದೆಲ್ಲ ಶುರುವಾದದ್ದು ಅವರು ಪೆಟಾಲಿಂಗ್ ಜಯಾದ ಫ್ಲ್ಯಾಟಿನಲ್ಲಿದ್ದಾಗ. ಮಗಳು ಪೂರ್ವಿ ಆಗಿನ್ನೂ ತೊಟ್ಟಿಲ ಕೂಸು. ಉಮಾನಾಥ ಬೆಳಗ್ಗೆ ಹೋದರೆ ಸಂಜೆಗೆ ಬರುವವನು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದಿದ್ದ ಚಾಮುಂಡಿಗೆ ಗುರುತಿನವರು ಒಬ್ಬರೂ ಇರಲಿಲ್ಲ. ಕೂಸು ಮಲಗಿದಾಗ ಹೊತ್ತು ಹೋಗಲೆಂದು ಒಂದು ಗೇಮ್ ಆಡತೊಡಗಿದಳು. ಐದೈದು ಜನರ ಎರಡು ತಂಡ; ಯಾರೂ ಯಾರನ್ನೂ ನೋಡದೆ, ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಮೈಕಿನಲ್ಲಿ ಕೂಗಾಡುತ್ತ ಆಡುವ ಯುದ್ಧದ ಆಟ. ಹಲವು ದಿನ ಮೈಕು ಆಫ್ ಮಾಡಿಯೇ ಆಡಿದಳು. ಚೆನ್ನಾಗಿಯೇ ಆಡುತ್ತಿದ್ದಳು. ಒಂದು ಮಧ್ಯಾಹ್ನ ಎದುರಾಳಿ ಅಡಗಿದ್ದ ಜಾಗ ಕಂಡು, ತಡೆಯಲಾರದೆ ಮೈಕು ಒತ್ತಿ, “ಮೆಟ್ಟಿಲ ಹಿಂದೆ ಒಬ್ಬನಿದ್ದಾನೆ” ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಯಾರೋ, “ಯಾರಪ್ಪಾ ಅವರಮ್ಮನ ಕೈಗೆ ಕಂಪ್ಯೂಟರ್ ಕೊಟ್ಟವರು?” ಎಂದ. ಉಳಿದವರು ನಕ್ಕರು. ಮೆಟ್ಟಿಲ ಹಿಂದಿದ್ದವನು ಅಷ್ಟರಲ್ಲಿ ಹೊರಬಂದು ಅವರನ್ನೆಲ್ಲ ಗುಂಡಿಟ್ಟು ಉರುಳಿಸಿದ.

ಚಾಮುಂಡಿಗೂ ಆ ಕ್ಷಣ ನಗು ಬಂದಿತ್ತು. ಆದರೆ ಸಂಜೆ ಕೂಸಿಗೆ ಅನ್ನ ಕಲೆಸುತ್ತಾ ಕೂತಾಗ ಆ ಒಂದು ಕ್ಷಣದ ಮೌನ ಅವಳನ್ನು ಬಿಡಲಿಲ್ಲ. ಅವರು ಅವಳ ಮಾತನ್ನು ಕೇಳಿಸಿಕೊಂಡಿದ್ದರು. ಕೇಳಿಸಿಕೊಂಡೂ ತಳ್ಳಿಹಾಕಿದ್ದರು. ಅದೇ ಅವಳ ಪಿಎಚ್.ಡಿ. ಆಯಿತು, ಮುಂದೆ ಪುಸ್ತಕವಾಯಿತು, ಕೆಲಸವೂ ಆಯಿತು. ಹೆಂಗಸರು ಮೈಕನ್ನು ಯಾಕೆ ಮುಚ್ಚಿಟ್ಟುಕೊಂಡು ಆಡುತ್ತಾರೆ, ತೆರೆದರೆ ಏನಾಗುತ್ತದೆ ಎಂಬುದು ಅವಳ ವಿಷಯ. ಅವಳ ವಿಧಾನ ಸರಳ. ತಾನೇ ಆಡುವುದು, ತಾನೇ ಮಾತಾಡುವುದು, ಏನಾಗುತ್ತದೆ ನೋಡುವುದು. ಆಟ ಮುಗಿದ ಮೇಲೆ ತಾನು ಯಾರೆಂದು ಹೇಳಿ ಒಪ್ಪಿಗೆ ಕೇಳುವುದು. ಮೈಸೂರಿನ ಶಾಲೆಯಲ್ಲಿ ಪ್ರಾರ್ಥನೆಗೆ ಮುಂದೆ ನಿಲ್ಲಿಸುತ್ತಿದ್ದಂಥ ಸಣ್ಣ, ತೆಳು ದನಿ ಅವಳದು. ಅದನ್ನು ಕೇಳಿದ ಕೂಡಲೇ ಹೆಂಗಸು ಎಂದು ಯಾರಿಗೂ ಗೊತ್ತಾಗುತ್ತಿತ್ತು. ಅಡುಗೆಮನೆಗೆ ಹೋಗು ಎಂದವರು, ಮದುವೆ ಆಗ್ತೀಯಾ ಎಂದವರು, ಬರೆಯಲಾಗದ್ದನ್ನು ಅಂದವರು, ಎಲ್ಲರನ್ನೂ ಅವಳು ತಣ್ಣಗೆ ಕೇಳಿಸಿಕೊಂಡಳು. ಹೆಣ್ಣುದನಿಯೇ ಆಟದಲ್ಲಿ ಹೆಣ್ಣಿನ ಮೊದಲ ಸೋಲು ಎಂಬುದು ಅವಳ ಪುಸ್ತಕದ ಸಾರ. ದೂರದೂರದ ವಿಶ್ವವಿದ್ಯಾಲಯಗಳಲ್ಲಿ ಅದನ್ನು ಪಾಠಕ್ಕೆ ಇಟ್ಟರು. ಆಮೇಲೆ ಉಮಾನಾಥನೂ ಊಟದ ಕೂಟಗಳಲ್ಲಿ ಹೆಂಡತಿಯ ಕೆಲಸವನ್ನು ಪೂರ್ತಿಯಾಗಿ, ಸ್ವಲ್ಪ ಜಂಬದಿಂದಲೇ ಹೇಳತೊಡಗಿದ.

ಪೂರ್ವಿ ಹರೆಯಕ್ಕೆ ಕಾಲಿಟ್ಟ ವರ್ಷ ಚಾಮುಂಡಿಯ ಕತ್ತಿನಲ್ಲೊಂದು ಗಂಟು ಎದ್ದಿತು; ಅದನ್ನು ಮೊದಲು ಕಂಡವನು ಉಮಾನಾಥನೇ. ಚಾಮುಂಡಿ ನೀರು ಕುಡಿಯುವಾಗ ಏನೋ ಮೇಲಕ್ಕೆ ಹೋಗಿ ಕೆಳಗೆ ಬಂದಂತಾಯಿತು. ಅವನು ಎದ್ದು ಬಂದು ಬೆರಳಿಟ್ಟು ನೋಡಿದ. ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಥೈರಾಯ್ಡ್ ಗ್ರಂಥಿಯಲ್ಲಿ ಗೆಡ್ಡೆ, ತೆಗೆಯಲೇಬೇಕಿತ್ತು. ಗೆಡ್ಡೆ ದನಿಯ ನರಕ್ಕೆ ಅಂಟಿಕೊಂಡಿದೆ, ನರ ಉಳಿಯುವ ಭರವಸೆ ಕೊಡಲಾಗದು ಎಂದು ಸರ್ಜನ್ ಮೊದಲೇ ಹೇಳಿದ್ದರು.

ಆ ನರದ ಪಾಠವನ್ನು ಉಮಾನಾಥ ವರ್ಷವರ್ಷವೂ ಮಾಡುತ್ತಿದ್ದ. ಗಂಟಲಿಗೆ ಹೋಗಬೇಕಾದ ನರ ನೆಟ್ಟಗೆ ಹೋಗದೆ ಎದೆಯೊಳಕ್ಕೆ ಇಳಿದು, ಅಲ್ಲಿ ದೊಡ್ಡ ರಕ್ತನಾಳಕ್ಕೆ ಸುತ್ತು ಹಾಕಿ ಮತ್ತೆ ಮೇಲೆ ಹತ್ತುತ್ತದೆ ಎಂದು ಹೆಣದ ಮೇಲೆ ಬೆರಳಾಡಿಸಿ ತೋರಿಸುವಾಗ ವಿದ್ಯಾರ್ಥಿಗಳು ಬೆರಗಾಗುತ್ತಿದ್ದರು. ಆಪರೇಷನ್ ನಡೆಯುತ್ತಿದ್ದಾಗ ಅವನು ಹೊರಗೆ ಕೂತು ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತಿದ್ದನಂತೆ. ಪೂರ್ವಿ ಆಮೇಲೆ ಅಮ್ಮನಿಗೆ ಹೇಳಿದಳು.

ಗೆಡ್ಡೆ ಪೂರ್ತಿ ಹೋಯಿತು. ಜೀವಕ್ಕೆ ಭಯವಿಲ್ಲ ಎಂದರು. ಎಡಬದಿಯ ನರ ಮಾತ್ರ ಉಳಿಯಲಿಲ್ಲ.

ಮೊದಲು ಬರೀ ಉಸಿರು ಬರುತ್ತಿತ್ತು. ಸ್ಪೀಚ್ ಥೆರಪಿಯವರು ದಿನವೂ ಅಭ್ಯಾಸ ಮಾಡಿಸಿದ ಮೇಲೆ ದನಿ ಬಂತು. ಆದರೆ ಅದು ಬೇರೆಯದೇ ದನಿ. ಮೇಲಿನ ಸ್ವರಗಳೆಲ್ಲ ಹೋಗಿ ತಳದ ಒಂದೆರಡು ಮಾತ್ರ ಉಳಿದಿದ್ದವು. ಒರಟು, ತಗ್ಗು, ಗೊಗ್ಗರು ದನಿ. ಕೋಣೆಯ ಆಚೆ ತುದಿಗೂ ತಲುಪದು. ನೀರು ಕುಡಿದರೆ ಅಡ್ಡದಾರಿ ಹಿಡಿದು ಕೆಮ್ಮು ಬರುತ್ತಿತ್ತು.

ದನಿ ಬಂದ ವಾರದಲ್ಲೇ ಚಾಮುಂಡಿ ಮೈಸೂರಿಗೆ ಫೋನ್ ಮಾಡಿದಳು. ತಾಯಿ ರತ್ನಮ್ಮ ಇದ್ದದ್ದು ಚಾಮುಂಡಿಯ ತಮ್ಮ ಸುಮಂತನ ಮನೆಯಲ್ಲಿ. ಫೋನ್ ಎತ್ತಿದವರು ತಾಯಿಯೇ.

“ಅಮ್ಮಾ, ನಾನು.”

“ಯಾರು ನೀವು?”

“ನಾನೇ ಕಣಮ್ಮಾ. ಚಾಮು.”

ಆ ಕಡೆ ತಾಯಿ ಫೋನನ್ನು ಕಿವಿಯಿಂದ ದೂರ ಹಿಡಿದಿದ್ದು ಗೊತ್ತಾಯಿತು. “ಸುಮಂತಾ, ಯಾರೋ ಗಂಡಸ್ರು ಕಣೋ. ಚಾಮು ಫೋನಿಂದ ಮಾತಾಡ್ತಾವ್ರೆ. ಅವ್ಳಿಗೇನಾಯ್ತೋ ಕೇಳೋ” ಎಂದು ಅವರು ಗಾಬರಿಯಿಂದ ಕೂಗಿದರು. ಸುಮಂತ ಓಡಿಬಂದು ವಿಡಿಯೋ ಹಾಕಿದ. ಮಗಳ ಮುಖ ನೋಡಿದ ಮೇಲೂ ರತ್ನಮ್ಮ ಅವಳ ತುಟಿ ಆಡುವುದನ್ನೇ ದಿಟ್ಟಿಸುತ್ತಿದ್ದರು. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಹೋಗ್ಲಿ ಬಿಡು ಮಗಾ, ಜೀವ ಉಳೀತಲ್ಲ. ಮೆಣಸಿನ ಕಷಾಯ ಕುಡಿ” ಎಂದರು. ಅಂದಿನಿಂದ ತಾಯಿ ಮಗಳು ವಿಡಿಯೋದಲ್ಲೇ ಮಾತಾಡತೊಡಗಿದರು.

ವಿಶ್ವವಿದ್ಯಾಲಯಕ್ಕೆ ಮರಳಿದ ಚಾಮುಂಡಿ ಕಾಲರಿಗೆ ಮೈಕು ಸಿಕ್ಕಿಸಿಕೊಂಡು ಪಾಠ ಮಾಡಿದಳು. ಅರ್ಧಗಂಟೆಗೆ ಗಂಟಲು ಬಿಗಿಯುತ್ತಿತ್ತು. ವಿಭಾಗದ ಮುಖ್ಯಸ್ಥೆ ಫೌಜಿಯಾ ಅವಳ ಹಳೆಯ ಗೆಳತಿ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಅವಳು ತರಗತಿಗಳನ್ನು ಕಡಿಮೆ ಮಾಡಿಕೊಟ್ಟು, “ಈ ಸೆಮಿಸ್ಟರ್ ಬರವಣಿಗೆಗೆ ಇಟ್ಟುಕೋ. ನಿನ್ನ ಪ್ರೊಫೆಸರ್ ಬಡ್ತಿಯ ಫೈಲು ಸಮಿತಿಯ ಮುಂದಿದೆ. ಸಂದರ್ಶನಕ್ಕೆ ಮುಂಚೆ ಗಂಟಲು ಸರಿ ಮಾಡಿಕೋ” ಎಂದಳು.

ಆದರೆ ಬರೆಯುವುದು ಏನನ್ನು? ಅವಳ ಸಂಶೋಧನೆಗೆ ಉಪಕರಣವೆಂದು ಇದ್ದದ್ದು ಒಂದೇ, ಅವಳ ದನಿ. ಅದೇ ಹೋಗಿತ್ತು.

ಒಂದು ಶನಿವಾರ ಸಂಜೆ ಸುಮ್ಮನೆ ಕೂರಲಾರದೆ ಅವಳು ಹೊಸ ಹೆಸರಿನಲ್ಲಿ ಆಟಕ್ಕೆ ಇಳಿದಳು. ಸಂಶೋಧನೆಗೆಂದು ಅಲ್ಲ, ಕೈ ಚಡಪಡಿಸುತ್ತಿತ್ತು, ಅಷ್ಟೆ. ಸಿಕ್ಕಿದ್ದು ನಾಲ್ವರು ಮಲೇಷ್ಯಾದವರ ತಂಡ. ತಂಡದ ಹಿರಿಯ ಆಟದಲ್ಲಿ ಪಾಕ್ ಸು ಎಂಬ ಹೆಸರಿಟ್ಟುಕೊಂಡಿದ್ದ. ಮಲಯ್ ಭಾಷೆಯಲ್ಲಿ ಚಿಕ್ಕಪ್ಪ ಎಂದ ಹಾಗೆ. ಆಟದ ನಡುವೆ ಚಾಮುಂಡಿಗೆ ಎಡಗಡೆ ಗೋಡೆಯ ಆಚೆ ಎರಡು ನೆರಳು ಕಂಡವು. ಹೆಡ್‌ಸೆಟ್ಟಿನ ಮೈಕು ತುಟಿಯ ಹತ್ತಿರವೇ ಇತ್ತು, ಜೋರಾಗಿ ಮಾತಾಡಬೇಕಾಗಿರಲಿಲ್ಲ.

“ಎಡಗಡೆ. ಇಬ್ಬರು.”

ನಾಲ್ವರೂ ಒಟ್ಟಿಗೆ ಎಡಕ್ಕೆ ತಿರುಗಿದರು.

ಯಾಕೆ ಎಂದು ಯಾರೂ ಕೇಳಲಿಲ್ಲ. ಗೆದ್ದ ಮೇಲೆ ಪಾಕ್ ಸು, “ಒಳ್ಳೇ ಕಣ್ಣು, ಬ್ರೋ! ನಾಳೆನೂ ಬಾ ಲಾ” ಎಂದ, ಅಲ್ಲಿಯವರ ಮಾತಿನ ಕೊನೆಗೆ ಅಂಟಿಕೊಳ್ಳುವ ‘ಲಾ’ ಸೇರಿಸಿ.

ಚಾಮುಂಡಿ ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟಳು. ಇಷ್ಟು ವರ್ಷಗಳಲ್ಲಿ ಅಷ್ಟು ಸಲೀಸಾಗಿ ಅವಳ ಮಾತು ನಡೆದದ್ದು ಇದೇ ಮೊದಲು. ಎದೆಯಲ್ಲಿ ಎದ್ದದ್ದು ಸಿಟ್ಟೆಂದು ಅವಳು ಮೊದಲು ಅಂದುಕೊಂಡಳು. ಸಿಟ್ಟಲ್ಲ ಅದು, ಖುಷಿ. ಅದು ತಿಳಿದಾಗ ಅವಳಿಗೆ ನಾಚಿಕೆಯಾಯಿತು.

ಆದರೂ ಮರುದಿನ ಹೋದಳು. ಅದರ ಮರುದಿನವೂ. ಕಾಲೇಜು ಮುಗಿಸಿ ಬಂದು, ಕುಕ್ಕರ್ ಇಟ್ಟು, ಊಟದ ಹೊತ್ತಿನ ತನಕ ಆಡುವುದು ಪರಿಪಾಠವಾಯಿತು. ಅವಳು ಹೇಳಿದ ಕಡೆ ತಂಡ ನಡೆಯುತ್ತಿತ್ತು. ಅವಳು ಸುಮ್ಮನಿದ್ದರೆ “ಬ್ರೋ, ಏನು ಮಾಡೋಣ?” ಎಂದು ಕೇಳುತ್ತಿದ್ದರು. ಹಿಂದೆ ಆಟ ಮುಗಿದ ಕೂಡಲೇ ಟಿಪ್ಪಣಿ ಬರೆಯುತ್ತಿದ್ದವಳು ಈಗ ಒಂದು ಸಾಲೂ ಬರೆಯಲಿಲ್ಲ. ತಾನು ಯಾರೆಂದು ಅವರಿಗೆ ಹೇಳಲೂ ಇಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪೂರ್ವಿ ಒಂದು ದಿನ ಅಂದಳು, “ಅಮ್ಮ, ಯು ಸೌಂಡ್ ಸೋ ಹ್ಯಾಪಿ ಇನ್ ದೇರ್.”

“ಆಟ ಅಲ್ವಾ ಮರೀ” ಎಂದಳು ಚಾಮುಂಡಿ.

“ಬಟ್ ವಿತ್ ಅಸ್ ಯು ಡೋಂಟ್ ಟಾಕ್ ಎಟ್ ಆಲ್.”

ಚಾಮುಂಡಿ ಕುಕ್ಕರ್ ಇಳಿಸಲು ಎದ್ದುಹೋದಳು. ಮನೆಯಲ್ಲಿ ಬಾಯಿ ತೆರೆದಾಗಲೆಲ್ಲ ಉಮಾನಾಥನ ಮುಖದಲ್ಲಿ ಏನೋ ಒಂದು ಸುಳಿದು ಮಾಯವಾಗುತ್ತಿತ್ತು. ಅದನ್ನು ನೋಡುವುದು ಅವಳಿಗೆ ಬೇಡವಾಗಿತ್ತು.

ಆ ನಾಲ್ವರಲ್ಲಿ ಒಬ್ಬಳ ಹೆಸರು ಬುಂಗಾ. ಹೂವು ಎಂದರ್ಥ. ಬಹಳ ದಿನ ಅವಳು ಮೈಕು ತೆರೆದಿರಲಿಲ್ಲ. ಒಂದು ಸಂಜೆ ಪಾಕ್ ಸು ಬಂದಿರಲಿಲ್ಲವೆಂದು ಅವನ ಜಾಗಕ್ಕೆ ಹೊಸಬನೊಬ್ಬ ಬಂದಿದ್ದ. ಆಟದ ಬಿಸಿಯಲ್ಲಿ ಬುಂಗಾ ಮೈಕು ಒತ್ತಿ “ಹಿಂದೆ, ಹಿಂದೆ!” ಎಂದು ಕೂಗಿದಳು. ಎಳೆಯ ಹುಡುಗಿಯ ದನಿ. ಹೊಸಬ ಶುರು ಮಾಡಿದ. ಮೊದಲು ಅವಳ ದನಿಯನ್ನು ಅಣಕಿಸಿದ, ಆಮೇಲೆ ಫೋಟೋ ಕಳಿಸು ಎಂದ, ಆಮೇಲೆ ಇನ್ನೂ ಕೊಳಕು ಮಾತಿಗೆ ಇಳಿದ. ಉಳಿದಿಬ್ಬರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಚಾಮುಂಡಿಗೆ ಈ ಹಾಡು ಬಾಯಿಪಾಠ. ಇಂಥ ಹೊತ್ತಿನಲ್ಲಿ ಇನ್ನೊಬ್ಬ ಹೆಂಗಸು ಬಾಯಿ ಹಾಕಿದರೆ ಇಬ್ಬರಿಗೂ ಸೇರಿಸಿ ಬೈಗುಳ ಬೀಳುತ್ತದೆ ಎಂದು ಪುಸ್ತಕದಲ್ಲಿ ಬರೆದವಳೇ ಅವಳು. ಆದರೂ ಮೈಕು ಒತ್ತಿದಳು.

“ಸಾಕು, ನಿಲ್ಲಿಸು.”

ಅಷ್ಟೇ ಅಂದದ್ದು. ಹೊಸಬ ನಿಲ್ಲಿಸಿದ. “ಸಾರಿ ಲಾ, ಬ್ರೋ. ತಮಾಷೆಗೆ” ಎಂದ. ಹುಡುಗಿಗಲ್ಲ, ಬ್ರೋಗೆ ಸಾರಿ.

ಅಂದಿನಿಂದ ಬುಂಗಾ ಅವಳನ್ನು ಅಬಾಂಗ್ ಎಂದು ಕರೆಯತೊಡಗಿದಳು. ಅಣ್ಣ ಎಂದ ಹಾಗೆ. ಅಬಾಂಗ್ ಇದ್ದರೆ ಮಾತ್ರ ಮೈಕು ತೆರೆಯುತ್ತಿದ್ದಳು. ತೆರೆದರೆ ಮಾತೋ ಮಾತು. ಅವಳು ಇಪೋ ಊರಿನವಳು, ನರ್ಸಿಂಗ್ ಓದುತ್ತಿದ್ದಳು, ಹಾಸ್ಟೆಲಿನ ಊಟ ಸೇರುತ್ತಿರಲಿಲ್ಲ. ಆಟ ಕಾಯುವ ಹೊತ್ತಿನಲ್ಲಿ ಒಮ್ಮೆ ಹೇಳಿದಳು: “ನನಗೆ ಅಣ್ಣ ಇಲ್ಲ, ಅಬಾಂಗ್. ಇದ್ದಿದ್ದರೆ ಹೀಗೇ ಇರುತ್ತಿದ್ದ ಅನಿಸುತ್ತದೆ. ಅವತ್ತು ನೀವು ನನ್ನ ಪರ ನಿಂತಿರಲ್ಲ, ಅದನ್ನು ರೂಮ್‌ಮೇಟ್‌ಗೂ ಹೇಳಿದೆ.”

ಚಾಮುಂಡಿ ಮೈಕಿನ ಗುಂಡಿಯ ಮೇಲೆ ಬೆರಳಿಟ್ಟಳು. ಈ ಹೊತ್ತಿಗೆ ಹೇಳಿಬಿಡಬೇಕು ಅನ್ನಿಸಿತು. ಆಟ ಶುರುವಾಯಿತು. ಹೇಳಲಿಲ್ಲ.

ವಾರ ಕಳೆದರೂ ಹೇಳದೆ, ಕೊನೆಗೆ ಫೌಜಿಯಾಳ ಮುಂದೆ ಎಲ್ಲವನ್ನೂ ಬಿಚ್ಚಿಟ್ಟಳು. ಇಬ್ಬರೂ ಬಾಂಗ್ಸಾರ್‌ನ ಒಂದು ಕೆಫೆಯಲ್ಲಿ ಕೂತಿದ್ದರು. ಫೌಜಿಯಾಳ ಕಣ್ಣುಗಳು ಅರಳಿದವು. “ನಿನಗೆ ಗೊತ್ತಾ ನಿನ್ನ ಕೈಯಲ್ಲಿ ಏನಿದೆ ಅಂತ? ಅದೇ ಆಟಗಾರ್ತಿ, ಅದೇ ಜಾಣತನ, ದನಿ ಮಾತ್ರ ಬೇರೆ! ಇಂಥ ಪ್ರಯೋಗ ಬೇಕೆಂದರೂ ಮಾಡೋಕಾಗಲ್ಲ. ಚಾಮ್, ಇದನ್ನು ಬರಿ!”

“ಯಾರ ಒಪ್ಪಿಗೆಯೂ ತಗೊಂಡಿಲ್ಲ, ಫೌಜಿ.”

ಫೌಜಿಯಾ ಲೋಟ ಕೆಳಗಿಟ್ಟಳು. “ಹಾಗಾದರೆ ಬರೆಯೋ ಹಾಗಿಲ್ಲ” ಎಂದಳು. “ಆ ಹುಡುಗಿಗೆ ಮಾತ್ರ ಹೇಳು. ಬರೆದರೂ, ಬರೆಯದಿದ್ದರೂ.”

ಮನೆಗೆ ಬಂದು ಉಮಾನಾಥನಿಗೂ ಹೇಳಿದಳು. ಅವನು ಪಾತ್ರೆ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿ ತಿರುಗಿದ. “ಎಂತ ಹೇಳ್ತೀ ಮಾರಾಯ್ತಿ, ಇಷ್ಟು ದಿನ ಅವರೆಲ್ಲ ನಿನ್ನನ್ನು ಗಂಡಸು ಅಂತಲೇ ಗ್ರಹಿಸಿದ್ದಾ?”

“ಹೂಂ ರೀ. ನಾನೂ ಸುಮ್ನಿದ್ದೆ. ನಂಗೆ ಅದು ಇಷ್ಟ ಆಗೋಯ್ತು.”

ಅವನು ಒರೆಸಿಕೊಂಡ ಕೈಯನ್ನೇ ಮತ್ತೆ ಒರೆಸಿಕೊಂಡ. “ಇಷ್ಟ ಆದದ್ದರಲ್ಲಿ ತಪ್ಪು ಎಂತ ಇಲ್ಲ” ಎಂದ ಮೆಲ್ಲಗೆ. “ಆದರೆ ಆ ಕೂಸಿಗೆ ಹೇಳದೆ ಕೂತರೆ ನಿನಗೇ ನಿದ್ದೆ ಬರ್ಲಿಕ್ಕಿಲ್ಲ.”

ಮರುದಿನ ಸಂಜೆ ಆಟ ಶುರುವಾಗುವ ಮುನ್ನ, ಐವರೂ ಸೇರಿದ್ದಾಗ, ಚಾಮುಂಡಿ ಹೇಳಿದಳು. ತಾನು ಅಬಾಂಗ್ ಅಲ್ಲ. ಹೆಂಗಸು. ಹರೆಯದ ಮಗಳ ತಾಯಿ, ಲೆಕ್ಚರರ್. ಆಪರೇಷನ್ನಿನಲ್ಲಿ ದನಿ ಹೀಗಾಯಿತು. ಮೊದಲೇ ಹೇಳಬೇಕಿತ್ತು, ಹೇಳದೇ ಇದ್ದದ್ದು ತನ್ನ ತಪ್ಪು.

ಪಾಕ್ ಸು ನಕ್ಕ. ತಮಾಷೆಯೆಂದುಕೊಂಡಿದ್ದ. ಬುಂಗಾ ನಗಲಿಲ್ಲ.

“ನಿಜವಾ?” ಎಂದಳು.

“ನಿಜ, ಬುಂಗಾ.”

“ಹಾಗಾದರೆ ಅವತ್ತು ಅವನು ಸುಮ್ಮನಾಗಿದ್ದು...” ಹುಡುಗಿ ತಡವರಿಸಿದಳು. “ನಾನು ದಿನಾ ಅದನ್ನೇ ನೆನೆಸಿಕೊಳ್ಳುತ್ತಿದ್ದೆ. ಕೆಲವು ಗಂಡಸರಾದರೂ ಒಳ್ಳೆಯವರಿದ್ದಾರೆ ಅಂತ. ಅಲ್ಲಿ ಯಾರೂ ಇರಲೇ ಇಲ್ಲ ಹಾಗಾದರೆ.”

“ನಾನಿದ್ದೆ” ಎಂದಳು ಚಾಮುಂಡಿ.

ಬುಂಗಾಳ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿಹೋಯಿತು.

ಉಳಿದ ಮೂವರು ಹೋಗಲಿಲ್ಲ. ಅವರು ಕೆಟ್ಟವರೇನಲ್ಲ. ಒಂದೂ ಕೆಟ್ಟ ಮಾತಾಡಲಿಲ್ಲ. “ಪರವಾಗಿಲ್ಲ ಕಾಕಾಕ್, ಬನ್ನಿ ಆಡೋಣ” ಎಂದ ಪಾಕ್ ಸು. ಈಗ ಅವಳು ಅಕ್ಕ. ಬುಂಗಾಳ ಜಾಗಕ್ಕೆ ಇನ್ಯಾರೋ ಬಂದರು. ಆಟ ನಡೆಯಿತು. ಸೇತುವೆಯ ಕೆಳಗೆ ಮೂವರು ಬರುತ್ತಿರುವುದನ್ನು ಚಾಮುಂಡಿ ಕಂಡಳು.

“ಸೇತುವೆ ಕೆಳಗೆ. ಮೂವರು.”

ಯಾರೂ ತಿರುಗಲಿಲ್ಲ.

ಇನ್ನೊಮ್ಮೆ ಹೇಳಿದಳು. “ಹೌದಾ, ಖಾತ್ರಿನಾ ಕಾಕಾಕ್?” ಎಂದ ಒಬ್ಬ. ಅಷ್ಟರಲ್ಲಿ ಸೇತುವೆಯ ಕೆಳಗಿನಿಂದ ಗುಂಡು ಬಂತು. ಆಟ ಸೋತ ಮೇಲೆ ಪಾಕ್ ಸು ಬಹಳ ಮರ್ಯಾದೆಯಿಂದ ಹೇಳಿದ: “ಮುಂದಿನ ಸಲ ನೀವು ಹಿಂದೆ ನಿಂತು ಔಷಧಿ ಪೆಟ್ಟಿಗೆ ಹಿಡಿದುಕೊಳ್ಳಿ, ಕಾಕಾಕ್. ಅದು ಸುಲಭ.”

ಚಾಮುಂಡಿ ಹೆಡ್‌ಸೆಟ್ ತೆಗೆದಳು. ದನಿ ನಿನ್ನೆಯದೇ ಆಗಿತ್ತು. ಅದೇ ಗೊಗ್ಗರು, ಅದೇ ತಗ್ಗು. ಮಾತೂ ನಿನ್ನೆಯಂಥದ್ದೇ. ನಿನ್ನೆ ನಾಲ್ವರನ್ನು ಒಟ್ಟಿಗೆ ತಿರುಗಿಸಿದ್ದ ದನಿಗೆ ಇವತ್ತು ಯಾರೂ ಕತ್ತು ಹೊರಳಿಸಲಿಲ್ಲ. ಹಾಗಾದರೆ ಅವಳ ದನಿಗೆ ಯಾವತ್ತೂ ಯಾವ ತಪ್ಪೂ ಇರಲಿಲ್ಲ. ತೆಳುವಾಗಿದ್ದಾಗಲೂ ಇರಲಿಲ್ಲ. ಆಡುವವಳು ಹೆಣ್ಣು ಎಂದು ಗೊತ್ತಾಗುವುದಕ್ಕೆ ದನಿ ಒಂದು ನೆಪ ಮಾತ್ರ. ಇಷ್ಟು ವರ್ಷ ಅವಳು ಹೆಂಗಸರ ಗಂಟಲಿನಲ್ಲಿ ಹುಡುಕಿದ್ದು ಕೇಳುವವರ ಕಿವಿಯಲ್ಲಿತ್ತು. ಅದನ್ನು ಪುಸ್ತಕದಲ್ಲಿ ತಲೆಕೆಳಗಾಗಿ ಬರೆದಿದ್ದಳು. ಅದನ್ನು ಓದಿ ಎಷ್ಟೋ ಹುಡುಗಿಯರು ದನಿ ಬದಲಿಸುವ ಸಾಫ್ಟ್‌ವೇರ್ ಹಾಕಿಕೊಂಡಿದ್ದರು. ಕೆಲವರು ಅವಳಿಗೆ ಧನ್ಯವಾದವನ್ನೂ ಹೇಳಿದ್ದರು.

ಅಡುಗೆಮನೆಗೆ ಹೋಗಿ ನೀರು ಕುಡಿದಳು. ನೀರು ಅಡ್ಡದಾರಿ ಹಿಡಿಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಉಮಾನಾಥ ಬಂದು ಬೆನ್ನು ನೀವಿದ. ಕೆಮ್ಮು ನಿಂತ ಮೇಲೂ ಅವಳ ಕಣ್ಣಿನ ನೀರು ನಿಲ್ಲಲಿಲ್ಲ.

ಬುಂಗಾಳಿಗೆ ಕ್ಷಮೆ ಕೇಳಿ ಬರೆದಳು. ಉತ್ತರ ಬರಲಿಲ್ಲ. ಕೆಲವು ವಾರ ಆ ಹೆಸರು ಕಂಡೀತೇನೋ ಎಂದು ಸಂಜೆ ಹೊತ್ತು ಸುಮ್ಮನೆ ತೆರೆದು ನೋಡುತ್ತಿದ್ದಳು. ಆಮೇಲೆ ಒಂದು ದಿನ ಪರದೆಯ ಮೇಲೆ ಆ ಹೆಸರಿನ ಆಟಗಾರ್ತಿಯೇ ಇಲ್ಲ ಎಂದು ಬಂತು. ಇಪೋದಲ್ಲಿ ನರ್ಸಿಂಗ್ ಓದುವ ಒಬ್ಬ ಹುಡುಗಿ, ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ಬಡ್ತಿಯ ಸಂದರ್ಶನದ ಹಿಂದಿನ ದಿನ ಫೌಜಿಯಾ ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದಳು. “ನಾಳೆ ನಿನ್ನ ಪುಸ್ತಕದ ವಾದ ತಪ್ಪು ಅನ್ನೋ ಮಾತೆಲ್ಲ ತೆಗೀಬೇಡ. ಪ್ರೊಫೆಸರ್ ಆದ ಮೇಲೆ ಪುಸ್ತಕ ತಿದ್ದು. ಯಾರು ಬೇಡ ಅಂತಾರೆ?”

“ಅವರು ನನ್ನನ್ನು ಪ್ರೊಫೆಸರ್ ಮಾಡೋದೇ ಆ ಪುಸ್ತಕಕ್ಕೆ, ಫೌಜಿ.”

“ಅದಕ್ಕೇ ಹೇಳ್ತಿರೋದು.”

ಫೌಜಿಯಾಳದ್ದು ಒಳ್ಳೆಯ ಮನಸ್ಸೇ. ಚಾಮುಂಡಿಗೂ ಆಸೆ ಇಲ್ಲದಿರಲಿಲ್ಲ. ಆಟದ ಬಗ್ಗೆ ಓದಿದವಳು ಎಂದು ಸಭೆಗಳಲ್ಲಿ ಮೂಲೆಗೆ ತಳ್ಳಿಸಿಕೊಂಡು, ಗ್ರಾಂಟುಗಳಿಗೆ ಎಲ್ಲರಿಗಿಂತ ಹಿಂದೆ ನಿಂತು ಬಂದ ದಾರಿ ಅದು. ಆ ರಾತ್ರಿ ಮಲಗಿದಾಗ, ಏನೂ ಹೇಳದೆ ಬಂದುಬಿಡೋಣ ಎಂದು ನಿರ್ಧರಿಸಿಯೇ ಕಣ್ಣು ಮುಚ್ಚಿದ್ದಳು.

ಸಮಿತಿಯಲ್ಲಿ ಹೊರಗಿನಿಂದ ಬಂದ ಹಿರಿಯ ಪ್ರಾಧ್ಯಾಪಕಿಯೊಬ್ಬರಿದ್ದರು. ಅವರು ಚಾಮುಂಡಿಯ ಪುಸ್ತಕವನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಪುಟಗಳಲ್ಲಿ ಬಣ್ಣದ ಚೀಟಿಗಳು. “ಇದನ್ನು ನಾನು ಪ್ರತಿವರ್ಷ ಕಲಿಸುತ್ತೇನೆ. ಇವತ್ತು ಬರೆದಿದ್ದರೆ ಏನಾದರೂ ಬದಲಾಯಿಸುತ್ತಿದ್ದಿರಾ?” ಎಂದು ಕೇಳಿದರು. ಹೊಗಳಿಕೆಗೆಂದು ಕೇಳಿದ ಪ್ರಶ್ನೆ ಅದು. ಚಾಮುಂಡಿ ಆ ಬಣ್ಣದ ಚೀಟಿಗಳನ್ನು ನೋಡಿದಳು. ಪ್ರತಿವರ್ಷ ಎಂದರಲ್ಲ ಇವರು!

“ಮುಖ್ಯ ವಾದವನ್ನೇ ಬದಲಾಯಿಸುತ್ತಿದ್ದೆ. ಅದು ತಪ್ಪು” ಎಂದಳು.

ಆಮೇಲೆ ತನ್ನ ಗೊಗ್ಗರು ದನಿಯಲ್ಲಿ, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತ, ಏನಾಯಿತೆಂದು ಹೇಳಿದಳು. ಒಪ್ಪಿಗೆ ಇಲ್ಲದ ಆಟವಾದ್ದರಿಂದ ಇದನ್ನು ಸಾಕ್ಷಿಯೆಂದು ಎಲ್ಲೂ ಬಳಸಲಾರೆ, ಹೊಸದಾಗಿ ಎಲ್ಲರಿಗೂ ತಿಳಿಸಿ, ಕೇಳಿ, ಮೊದಲಿನಿಂದ ಮಾಡಬೇಕು ಎಂದಳು. ಕೋಣೆಯಲ್ಲಿ ಎಲ್ಲರೂ ಮುಂದಕ್ಕೆ ಬಾಗಿ ಕೂತಿದ್ದರು. ಮಾತಿಗಾಗಿಯೋ, ದನಿ ಕೇಳಿಸದೆಯೋ ಅವಳಿಗೆ ತಿಳಿಯಲಿಲ್ಲ.

ಬಡ್ತಿ ಸಿಗಲಿಲ್ಲ. ಹೊಸ ಅಧ್ಯಯನ ಮುಗಿದ ಮೇಲೆ ಮತ್ತೆ ಅರ್ಜಿ ಹಾಕಬಹುದು ಎಂದು ಬಂತು. ಫೌಜಿಯಾ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬಂದು, ಹೊಸ ಅಧ್ಯಯನಕ್ಕೆ ಅನುಮತಿ ಕೋರಿ ಸಂಶೋಧನಾ ನೀತಿ ಸಮಿತಿಗೆ ಹಾಕುವ ಅರ್ಜಿಯ ಕರಡನ್ನು ಅವಳ ಮೇಜಿನಿಂದ ಎತ್ತಿಕೊಂಡು, “ಇಂಗ್ಲಿಷ್ ಕೆಟ್ಟದಾಗಿದೆ, ಕೊಡು ಇಲ್ಲಿ” ಎಂದು ತಿದ್ದಲು ಕೂತಳು. ಪುಸ್ತಕ ಓದಿ ದನಿ ಬದಲಿಸಿಕೊಂಡು ಆಡುತ್ತಿದ್ದ ಹುಡುಗಿಯರಿಗೆ ಚಾಮುಂಡಿ ಒಬ್ಬೊಬ್ಬರಾಗಿ ಬರೆದಳು. ಅವರಲ್ಲಿ ಕೆಲವರು ಹೊಸ ಅಧ್ಯಯನಕ್ಕೆ ಬರುತ್ತೇವೆ ಎಂದರು. ಒಬ್ಬಳು ಮಾತ್ರ, ಇನ್ನು ನಿಮ್ಮನ್ನು ಹೇಗೆ ನಂಬಲಿ ಎಂದು ಕೇಳಿದಳು. ಅದಕ್ಕೂ ಉತ್ತರ ಬರೆದಳು, ಬಹಳ ಹೊತ್ತು ಯೋಚಿಸಿ.

ಗಂಟಲಿನ ಡಾಕ್ಟರ್ ಟಾನ್ ಅಷ್ಟರಲ್ಲಿ ಇನ್ನೊಂದು ಆಪರೇಷನ್ನಿನ ಮಾತೆತ್ತಿದ್ದರು. ಚಲನೆಯಿಲ್ಲದ ಧ್ವನಿತಂತುವಿನ ಪಕ್ಕ ಒಂದು ಸಣ್ಣ ಬಿಲ್ಲೆ ಇಟ್ಟು ಅದನ್ನು ನಡುವಿಗೆ ಒತ್ತುವುದು. ಹಳೆಯ ದನಿ ಬರುವುದಿಲ್ಲ, ಆದರೆ ನೀರು ಸಲೀಸಾಗಿ ಇಳಿಯುತ್ತದೆ, ಮಾತಿಗೆ ಬಲ ಬರುತ್ತದೆ ಎಂದರು. ಚಾಮುಂಡಿ ಒಪ್ಪಿಕೊಂಡಳು. ಪೂರ್ವಿ, “ಬಟ್ ಅಮ್ಮ, ಈಸಂಟ್ ದ್ಯಾಟ್ ಅಗೇನ್ಸ್ಟ್ ಯುವರ್ ಥಿಯರಿ?” ಎಂದು ಕಿಚಾಯಿಸಿದಾಗ, “ನೀರು ಕುಡಿಯೋಕೆ ಥಿಯರಿ ಬೇಡ ಕಣೇ” ಎಂದಳು. ಮೊದಲ ಆಪರೇಷನ್ ಆದ ಮೇಲೆ ಮನೆಯಲ್ಲಿ ನಗು ಕೇಳಿಸಿದ್ದು ಇದೇ ಮೊದಲು.

ಆ ಆಪರೇಷನ್ನಿನ ರೀತಿ ಬೇರೆ. ಕತ್ತಿಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್, ರೋಗಿ ಎಚ್ಚರವಿರಬೇಕು. ಬಿಲ್ಲೆ ಕೂರಿಸುವಾಗ ಮಾತಾಡಿಸಿ, ದನಿ ಕೇಳಿ, ಎಷ್ಟು ಒತ್ತಬೇಕೆಂದು ನೋಡುತ್ತಾರೆ. ಉಮಾನಾಥ ಡಾಕ್ಟರೆಂದು ಅವನಿಗೆ ಒಳಗೆ ನಿಲ್ಲಲು ಬಿಟ್ಟರು. ಹಸಿರು ಬಟ್ಟೆಯ ಈ ಕಡೆ ಅವಳ ತಲೆಯ ಬಳಿ ನಿಂತು ಅವನು ಅವಳ ಕೈ ಹಿಡಿದುಕೊಂಡಿದ್ದ.

“ಈಗ ಮಾತಾಡಿ” ಎಂದರು ಡಾಕ್ಟರ್ ಟಾನ್, ಮೊದಲ ಬಿಲ್ಲೆ ಇಡುತ್ತ. “ಏನಾದರೂ ಸರಿ.”

ಏನು ಮಾತಾಡುವುದೆಂದು ತೋಚದೆ ಚಾಮುಂಡಿ ಬರುವ ಸೆಮಿಸ್ಟರಿನ ಮೊದಲ ತರಗತಿಯ ಪಾಠವನ್ನು ಶುರು ಮಾಡಿದಳು. ನಾಲ್ಕು ವಾಕ್ಯ ಆಡುವಷ್ಟರಲ್ಲಿ ದನಿ ಏರಿತು. ತೆಳುವಾಗಿ, ಮೃದುವಾಗಿ, ಸ್ವಲ್ಪ ಗಾಳಿ ಬೆರೆತು ಬಂತು. ಉಮಾನಾಥನ ಕೈ ಅವಳ ಕೈಯನ್ನು ಬಿಗಿಯಾಗಿ ಅದುಮಿತು. ಡಾಕ್ಟರ್ ಅದನ್ನು ತೆಗೆದು ಇನ್ನೊಂದು ಬಿಲ್ಲೆ ಇಟ್ಟರು. ಈ ಸಲ ದನಿ ತಗ್ಗಿತು. ದಪ್ಪವಾಗಿ, ಗಟ್ಟಿಯಾಗಿ ಬಂತು.

ಡಾಕ್ಟರ್ ಟಾನ್ ತಲೆಯೆತ್ತಿ ಉಮಾನಾಥನನ್ನು ನೋಡಿದರು. “ಡಾಕ್ಟರ್, ಹಳೆಯ ದನಿ ನಿಮಗೆ ಗೊತ್ತು. ಮೊದಲ ಬಿಲ್ಲೆಯದು ಹೆಂಗಸಿನ ದನಿಗೆ ಹತ್ತಿರವಿತ್ತು, ಅಲ್ಲವೇ? ಅದನ್ನೇ ಇಡಲೇ?”

ಉಮಾನಾಥನಿಗೆ ಯಾವುದು ಬೇಕೆಂದು ಚಾಮುಂಡಿಗೆ ಗೊತ್ತಿತ್ತು.

“ಅವಳನ್ನೇ ಕೇಳಿ” ಎಂದ ಅವನು.

ಡಾಕ್ಟರ್ ಅವಳ ಕಡೆ ಬಾಗಿದರು.

“ದೂರಕ್ಕೆ ಕೇಳಿಸುವುದು ಯಾವುದು?” ಎಂದು ಚಾಮುಂಡಿ ಕೇಳಿದಳು.

“ಇದೇ. ಈಗ ಮಾತಾಡ್ತಿದ್ದೀರಲ್ಲ, ಇದು.”

“ಹಾಗಾದರೆ ಇದೇ ಇರಲಿ.”

ಹೊಲಿಗೆ ಹಾಕುವ ತನಕ ಮಾತು ನಿಲ್ಲಿಸಬೇಡಿ, ಇನ್ನೊಮ್ಮೆ ನೋಡಬೇಕು ಎಂದರು ಡಾಕ್ಟರ್ ಟಾನ್. ಚಾಮುಂಡಿ ಬಿಟ್ಟ ಕಡೆಯಿಂದ ಪಾಠ ಮುಂದುವರಿಸಿದಳು. ಮೂಲೆಯಲ್ಲಿ ನಿಂತು ಸಾಮಾನು ಎಣಿಸುತ್ತಿದ್ದ ನರ್ಸ್ ಎಣಿಕೆ ಬಿಟ್ಟು ತಿರುಗಿ ನಿಂತು ಕೇಳತೊಡಗಿದಳು.